ಮನೆ ಕೈಬದಲಾಗುವ ದಿನಕ್ಕೊಂದು ಪತ್ರ ಇರಲಿ

ಮನೆ ಕೊಳ್ಳುವವರು ಕ್ರಯಪತ್ರದ ಒಂದೊಂದು ಸಾಲನ್ನೂ ವಕೀಲರಿಂದ ಓದಿಸುತ್ತಾರೆ. ಚೆಕ್ಕುಬಂದಿ ಸರಿಯಿದೆಯೇ, ಅಳತೆ ತಾಳೆಯಾಗುತ್ತದೆಯೇ, ಋಣಭಾರ ಪತ್ರದಲ್ಲಿ ಹಳೆಯ ಸಾಲವೇನಾದರೂ ಉಳಿದಿದೆಯೇ ಎಂದು ವಾರಗಟ್ಟಲೆ ನೋಡುತ್ತಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಹೊರಬಂದ ಮೇಲೆ ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಮನೆ ನಿಜವಾಗಿ ಕೈಬದಲಾಗುವುದು ಬಹಳ ಸಲ ಇನ್ನೊಂದು ದಿನ. ಸಾಮಾನು ಲಾರಿಗೆ ಏರಿ, ಬೀಗದ ಕೈಗೊಂಚಲು ಹೊಸಬರ ಕೈ ಸೇರುವ ಆ ದಿನದ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ಒಂದಕ್ಷರವನ್ನೂ ಬರೆದಿಡುವುದಿಲ್ಲ.

ನಾನು ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ಒಡಹುಟ್ಟಿದವರೊಂದಿಗೆ ಸೇರಿ ಮಾರಿದ್ದೇನೆ, ಬೆಂಗಳೂರಿನಲ್ಲಿ ಬೇರೆಯವರು ವಾಸವಿದ್ದ ಫ್ಲ್ಯಾಟನ್ನು ಕೊಂಡಿದ್ದೇನೆ. ಎರಡೂ ಕಡೆ ನಿಂತು ನೋಡಿದ ಮೇಲೆ ನನಗೆ ಖಚಿತವಾದ ಮಾತು ಇದು: ಎರಡು ಕಡೆಯವರೂ ಸಹಿ ಹಾಕಿದ, ಎರಡೇ ಪುಟದ ಹಸ್ತಾಂತರ ಪತ್ರ ಇಡೀ ವ್ಯವಹಾರದಲ್ಲಿ ಅತ್ಯಂತ ಅಗ್ಗದ ರಕ್ಷಣೆ. ಅದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ ಮಾತ್ರ.

ನೋಂದಣಿಗೂ ಬೀಗದ ಕೈಗೂ ನಡುವೆ

ನಮ್ಮ ಕ್ರಯಪತ್ರಗಳಲ್ಲಿ ಸ್ವತ್ತಿನ ಸ್ವಾಧೀನವನ್ನು ಈ ದಿವಸವೇ ಬಿಟ್ಟುಕೊಟ್ಟಿರುವುದಾಗಿ ಹೇಳುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಾಸ್ತವದಲ್ಲಿ ಹಾಗೆ ಆಗದಿರುವುದಕ್ಕೆ ನೂರು ಕಾರಣಗಳಿವೆ. ಮಾರುವವರ ಮಗಳ ಪರೀಕ್ಷೆ ಮುಗಿದಿರುವುದಿಲ್ಲ. ಅವರ ಹೊಸ ಮನೆಯ ಕೆಲಸ ಬಾಕಿ ಇರುತ್ತದೆ. ಕೊಂಡವರು ಆಷಾಢದಲ್ಲಿ ಹಾಲುಕ್ಕಿಸುವುದು ಬೇಡವೆಂದು ಶ್ರಾವಣಕ್ಕೆ ಕಾಯುತ್ತಾರೆ. ಹೀಗೆ ಮನೆಯ ಮಾಲೀಕರು ಒಬ್ಬರು, ಒಳಗಿರುವವರು ಮತ್ತೊಬ್ಬರು, ಇಲ್ಲವೇ ಒಳಗೆ ಯಾರೂ ಇಲ್ಲ ಎನ್ನುವ ಒಂದು ಅವಧಿ ಹುಟ್ಟಿಕೊಳ್ಳುತ್ತದೆ.

ಈ ಅವಧಿಯಲ್ಲಿ ಮಳೆ ಹೊಡೆದು ಸೂರು ಸೋರಿದರೆ ನಷ್ಟ ಯಾರದು? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವರ ಮತ್ತು ಕೊಳ್ಳುವವರ ಹೊಣೆಗಳನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಒಡೆತನ ಕೊಳ್ಳುವವರಿಗೆ ದಾಟಿದ ಮೇಲೆ, ಮಾರಿದವರಿಂದಾಗಿ ಆಗದ ಹಾನಿಯನ್ನು ಕೊಂಡವರೇ ಹೊರಬೇಕು. ಮಾರುವವರೂ ಕರಾರಿನ ದಿನದಿಂದ ಸ್ವಾಧೀನ ಬಿಟ್ಟುಕೊಡುವವರೆಗೆ ವಿವೇಕವುಳ್ಳ ಮಾಲೀಕನಂತೆ ಮನೆಯನ್ನೂ ಪತ್ರಗಳನ್ನೂ ಕಾಪಾಡಬೇಕು. ನೋಂದಣಿಯ ದಿನದವರೆಗಿನ ಕಂದಾಯ ಮತ್ತಿತರ ಸಾರ್ವಜನಿಕ ಬಾಕಿಗಳು ಮಾರುವವರ ಪಾಲಿಗೆ, ನಂತರದವು ಕೊಂಡವರ ಪಾಲಿಗೆ. ಕಾನೂನು ಸ್ಪಷ್ಟವಾಗಿದೆ. ಆದರೆ ಯಾವ ದಿನ ಮನೆ ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಆ ಸ್ಪಷ್ಟತೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಬೆಂಗಳೂರಿನ ಫ್ಲ್ಯಾಟ್ ಕೊಂಡಾಗ ಮಾರುವವರು ಶಾಲೆಯ ವರ್ಷ ಮುಗಿಯುವವರೆಗೆ ಅಲ್ಲೇ ಇರಲು ಅವಕಾಶ ಕೇಳಿದರು. ಒಳ್ಳೆಯ ಜನ, ಬೇಡವೆನ್ನುವ ಮನಸ್ಸಾಗಲಿಲ್ಲ. ಆದರೆ ಸ್ವಾಧೀನವನ್ನು ಅದೇ ದಿನ ಕೊಟ್ಟಿದ್ದೇವೆಂಬ ಸಾಲನ್ನು ಕ್ರಯಪತ್ರದಲ್ಲಿ ಹಾಗೇ ಉಳಿಸಲು ನಾವು ಒಪ್ಪಲಿಲ್ಲ. ಆಗದೇ ಇರುವುದನ್ನು ಆಗಿದೆಯೆಂದು ನೋಂದಾಯಿತ ಪತ್ರದಲ್ಲಿ ಬರೆಯಬಾರದು. ವಕೀಲರು ಆ ಸಾಲನ್ನು ತಿದ್ದಿದರು. ಖಾಲಿ ಸ್ವಾಧೀನ ಕೊಡುವ ತಾರೀಖು, ಅಲ್ಲಿಯವರೆಗಿನ ವಾಸ ಬರೀ ಅನುಮತಿಯ ಮೇಲಿನದು ಎಂಬ ಮಾತು, ಆ ದಿನಗಳ ವಿದ್ಯುತ್, ನೀರು, ನಿರ್ವಹಣಾ ವೆಚ್ಚ ಯಾರದೆಂಬ ಲೆಕ್ಕ, ತಡವಾದರೆ ದಿನಕ್ಕಿಷ್ಟು ಪರಿಹಾರ, ಕೊನೆಯ ಕಂತು ಯಾವಾಗ ಎಂಬುದು, ಎಲ್ಲವೂ ಪತ್ರದಲ್ಲೇ ಸೇರಿತು. ಹೇಳಿದ ತಾರೀಖಿಗೆ ಅವರು ಮನೆ ಬಿಟ್ಟುಕೊಟ್ಟರು. ಬರೆದಿಟ್ಟದ್ದರಿಂದ ನಮ್ಮ ನಡುವಿನ ಸ್ನೇಹಕ್ಕೆ ಏನೂ ಕುಂದಾಗಲಿಲ್ಲ, ಇಂದಿಗೂ ಹಬ್ಬಕ್ಕೆ ಕರೆಯುತ್ತಾರೆ.

ಪತ್ರದಲ್ಲಿ ಏನೇನಿರಬೇಕು

ಮೊದಲು ತಾರೀಖು, ಸಮಯ, ಕ್ರಯಪತ್ರದ ನೋಂದಣಿ ಸಂಖ್ಯೆ, ಸ್ವತ್ತಿನ ವಿವರ, ಹಾಜರಿದ್ದವರ ಹೆಸರು. ಮಾರುವವರು ಹಲವರಿದ್ದರೆ ಎಲ್ಲರ ಸಹಿ. ಪವರ್ ಆಫ್ ಅಟಾರ್ನಿ ಪಡೆದವರು ಸಹಿ ಹಾಕುತ್ತಿದ್ದರೆ, ಸ್ವಾಧೀನ ಬಿಟ್ಟುಕೊಡುವ ಅಧಿಕಾರವೂ ಅದರಲ್ಲಿ ಇದೆಯೇ ಎಂದು ಓದಿ ನೋಡಿ. ಅಮೆರಿಕದಲ್ಲೋ ಗಲ್ಫ್‌ನಲ್ಲೋ ನೆಲೆಸಿದ ಮಕ್ಕಳು ಊರಿನ ಮನೆ ಮಾರುವಾಗ ಇದು ಮುಖ್ಯ.

ಎರಡನೆಯದು ಮೀಟರು. ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ, ಆ ಹೊತ್ತಿನ ರೀಡಿಂಗ್, ನೀರಿನ ಮೀಟರಿನ ರೀಡಿಂಗ್, ಕೊಳವೆ ಗ್ಯಾಸ್ ಇದ್ದರೆ ಅದರದ್ದೂ. ಪ್ರತಿಯೊಂದಕ್ಕೂ ಅಂಕಿ ಕಾಣುವಂತೆ ಒಂದು ಫೋಟೊ, ಜೊತೆಗೆ ಕೊನೆಯ ಬಿಲ್ಲು ಕಟ್ಟಿದ ರಶೀದಿ. ಬಾಕಿಯ ವಿಷಯ ಹಗುರವಾದದ್ದಲ್ಲ. ಕೆ.ಸಿ. ನಿನಾನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ನಿಯಮಗಳಲ್ಲಿ ಅವಕಾಶವಿದ್ದರೆ, ಹಿಂದಿನ ಮಾಲೀಕರ ಬಾಕಿ ತೀರಿಸಿದ ಮೇಲೆಯೇ ಸಂಪರ್ಕ ಕೊಡುವುದಾಗಿ ಹೊಸ ಮಾಲೀಕರಿಗೆ ವಿದ್ಯುತ್ ಸಂಸ್ಥೆ ಹೇಳಬಹುದು ಎಂದು ಅದು ಎತ್ತಿಹಿಡಿಯಿತು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಮಾರುವವರ ಆಧಾರ್ ಆ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿಕೊಳ್ಳುವ ಹೊಣೆಯನ್ನೂ ಪತ್ರದಲ್ಲಿ ಬರೆಯಿರಿ. ವಿದ್ಯುತ್ ಸಂಸ್ಥೆಯಲ್ಲಿರುವ ಭದ್ರತಾ ಠೇವಣಿ ಕ್ರಯದ ಮೊತ್ತದಲ್ಲಿ ಸೇರಿದೆಯೋ, ಪ್ರತ್ಯೇಕವಾಗಿ ಕೊಡಬೇಕೋ ಎಂಬುದಕ್ಕೂ ಒಂದು ಸಾಲು ಬೇಕು.

ಮೂರನೆಯದು ಮೂಲಪತ್ರಗಳ ಪಟ್ಟಿ. ಪೂರ್ತಿ ಹಣ ಸಂದ ಮೇಲೆ ತಮ್ಮ ಬಳಿ ಇರುವ ಹಕ್ಕುಪತ್ರಗಳನ್ನೆಲ್ಲ ಕೊಡಬೇಕಾದದ್ದು ಮಾರುವವರ ಕಾನೂನುಬದ್ಧ ಕರ್ತವ್ಯ. ಹಿಂದಿನ ಕ್ರಯಪತ್ರಗಳು, ಹಂಚಿಕೆ ಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ, ಖಾತೆ, ಕಂದಾಯದ ರಶೀದಿಗಳು: ಒಂದೊಂದಕ್ಕೂ ಸಂಖ್ಯೆ, ತಾರೀಖು, ಪುಟಗಳೆಷ್ಟು, ಅಸಲೋ ನಕಲೋ ಎಂದು ಬರೆಯಬೇಕು. ಮೈಸೂರಿನ ಮನೆ ಮಾರಿದಾಗ ನಾವು ಹೀಗೇ ಮಾಡಿದೆವು. ನಿವೇಶನ ಕೊಟ್ಟ ಪ್ರಾಧಿಕಾರದ ಹಂಚಿಕೆ ಪತ್ರದಿಂದ ಹಿಡಿದು ಅಪ್ಪ ಫೈಲಿನಲ್ಲಿ ಪೋಣಿಸಿಟ್ಟಿದ್ದ ಕಂದಾಯ ರಶೀದಿಗಳವರೆಗೆ ಎಲ್ಲವನ್ನೂ ಪಟ್ಟಿ ಮಾಡಿ, ಸ್ಕ್ಯಾನ್ ಪ್ರತಿ ಉಳಿಸಿಕೊಂಡು, ಅಸಲು ಒಪ್ಪಿಸಿ ಸಹಿ ಪಡೆದೆವು.

ಮಾರುವವರ ಸಾಲವಿದ್ದು ಪತ್ರಗಳು ಬ್ಯಾಂಕಿನಲ್ಲಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಮರಳಿಸಬೇಕು. ತನ್ನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ.

ನಾಲ್ಕನೆಯದು ಮನೆಯೊಳಗಿನ ವಸ್ತುಗಳು. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಗೀಸರ್, ಫ್ಯಾನು, ಸೋಲಾರ್ ಹೀಟರ್, ಯುಪಿಎಸ್ ಮತ್ತದರ ಬ್ಯಾಟರಿ, ಅಡುಗೆಮನೆಯ ಚಿಮಣಿ, ಕೊಳವೆಬಾವಿಯ ಪಂಪು, ಕಿಟಕಿಯ ಜಾಲರಿ. ನೋಡಲು ಬಂದ ದಿನ ಇದ್ದದ್ದು ಕೊನೆಯ ದಿನ ಇಲ್ಲವೆಂದಾದಾಗ ಸಣ್ಣ ಮೊತ್ತಕ್ಕೆ ದೊಡ್ಡ ಮನಸ್ತಾಪವಾಗುತ್ತದೆ. ಕರಾರಿನ ಹಂತದಲ್ಲೇ ಪಟ್ಟಿ ಮಾಡಿ, ಹಸ್ತಾಂತರದ ದಿನ ಅದೇ ಪಟ್ಟಿ ಹಿಡಿದು ಕೋಣೆಯಿಂದ ಕೋಣೆಗೆ ಇಬ್ಬರೂ ಒಟ್ಟಿಗೆ ನಡೆಯಿರಿ. ನಲ್ಲಿ ತಿರುಗಿಸಿ, ಸ್ವಿಚ್ ಒತ್ತಿ, ಬಾಗಿಲು ಹಾಕಿ ತೆಗೆದು ನೋಡಿ. ಗೋಡೆಯ ಒದ್ದೆ ಕಲೆ, ಬಿರುಕು, ಒಡೆದ ಟೈಲ್ಸ್ ಎಲ್ಲವೂ ಪತ್ರದಲ್ಲಿ ಬರಲಿ, ವಿಡಿಯೊದಲ್ಲಿ ಕಾಣಲಿ. ಆ ಫೋಟೊ, ವಿಡಿಯೊಗಳನ್ನು ಅದೇ ದಿನ ಇಬ್ಬರ ಇಮೇಲಿಗೂ ಕಳಿಸಿಕೊಳ್ಳಿ, ಫೋನಿನಲ್ಲಿರುವ ಅಸಲು ಕಡತವನ್ನು ಅಳಿಸಬೇಡಿ.

ಕೊನೆಗೆ ಕೀಲಿಗಳು: ಮುಂಬಾಗಿಲಿನದೆಷ್ಟು, ಗೇಟಿನದೆಷ್ಟು, ಬೀರುಗಳದೆಷ್ಟು. ಅಪಾರ್ಟ್‌ಮೆಂಟ್ ಆದರೆ ಪ್ರವೇಶ ಕಾರ್ಡು, ವಾಹನದ ಸ್ಟಿಕ್ಕರ್, ಭದ್ರತಾ ಆ್ಯಪ್‌ನಲ್ಲಿರುವ ಹಳೆಯ ಹೆಸರುಗಳು, ಡಿಜಿಟಲ್ ಬೀಗದ ಪಾಸ್‌ವರ್ಡ್. ಕೀಲಿ ಎಲ್ಲ ಸಿಕ್ಕಿದ್ದರೂ ಮುಂಬಾಗಿಲಿನ ಬೀಗ ಬದಲಿಸುವುದೇ ಒಳ್ಳೆಯದು.

ಅಪಾರ್ಟ್‌ಮೆಂಟ್, ಬಾಡಿಗೆದಾರರು

ಫ್ಲ್ಯಾಟ್ ಕೊಳ್ಳುವವರು ಸಂಘದಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಲೇಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಂತೆ, ಮಾರಾಟದ ದಿನದವರೆಗೆ ಉಳಿದ ಸಾಮಾನ್ಯ ವೆಚ್ಚದ ಬಾಕಿಗೆ ಕೊಂಡವರೂ ಮಾರಿದವರೊಂದಿಗೆ ಹೊಣೆಗಾರರಾಗುತ್ತಾರೆ. ಬಾಕಿಯ ಲೆಕ್ಕವನ್ನು ಲಿಖಿತವಾಗಿ ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಮೂಲನಿಧಿಯ ಪಾಲು, ವಾಹನ ನಿಲುಗಡೆಯ ಜಾಗದ ಸಂಖ್ಯೆ, ಸಂಘದ ಸದಸ್ಯತ್ವದ ವರ್ಗಾವಣೆ ಇವೂ ಪತ್ರದಲ್ಲಿರಲಿ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಮೂರನೆಯ ಸಹಿ ಬೇಕು. ಬೆಂಗಳೂರಿನಲ್ಲಿ ಅಡ್ವಾನ್ಸ್ ಹಣವೇ ಲಕ್ಷಗಳಲ್ಲಿರುತ್ತದೆ. ಅದು ಹೊಸ ಮಾಲೀಕರ ಕೈಗೆ ಬಂದಿದೆಯೇ, ಯಾವ ತಿಂಗಳಿಂದ ಬಾಡಿಗೆ ಯಾರಿಗೆ, ಕರಾರು ಯಾವಾಗ ಮುಗಿಯುತ್ತದೆ ಎಂಬುದನ್ನು ಬಾಡಿಗೆದಾರರೂ ಓದಿ ಒಪ್ಪಬೇಕು. ಇಲ್ಲವಾದರೆ ಅವರು ಮನೆ ಬಿಡುವ ದಿನ ಅಡ್ವಾನ್ಸ್‌ಗಾಗಿ ಇಬ್ಬರ ನಡುವೆ ಅಲೆಯಬೇಕಾಗುತ್ತದೆ. ಈ ವ್ಯವಹಾರದಲ್ಲಿ ಅವರ ದನಿಯೇ ಸಣ್ಣದು, ಅವರ ಹಣಕ್ಕೆ ನ್ಯಾಯ ಒದಗಿಸುವುದು ನಮ್ಮ ಹೊಣೆ.

ಹಣದ ಲೆಕ್ಕ, ಒಂದು ಎಚ್ಚರಿಕೆ

ಹಸ್ತಾಂತರ ಪತ್ರದ ಕೊನೆಯಲ್ಲಿ ಹಣ ಸಂದ ಬಗೆಯ ಪಟ್ಟಿ ಇರಲಿ: ಮುಂಗಡ, ಬ್ಯಾಂಕಿನ ಡಿಡಿ, ಕೊನೆಯ ಕಂತು, ಮೂಲದಲ್ಲಿ ಕಡಿತವಾದ ತೆರಿಗೆ. ಕ್ರಯದ ಮೊತ್ತ ₹50 ಲಕ್ಷ ಅಥವಾ ಹೆಚ್ಚಿದ್ದು ಮಾರುವವರು ಭಾರತದ ನಿವಾಸಿಯಾಗಿದ್ದರೆ ಕೊಳ್ಳುವವರು ಶೇ 1ರಷ್ಟು ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಿ, ಅದರ ಪ್ರಮಾಣಪತ್ರವನ್ನು ಮಾರುವವರಿಗೆ ಕೊಡಬೇಕು. ಮಾರುವವರು ಅನಿವಾಸಿಯಾಗಿದ್ದರೆ ಲೆಕ್ಕವೇ ಬೇರೆ, ಕಡಿತವೂ ಹೆಚ್ಚು. ಹಣ ಪಾವತಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ. ವರ್ಷದ ಆಸ್ತಿ ತೆರಿಗೆಯನ್ನು ಶೇ 5ರ ರಿಯಾಯಿತಿಗಾಗಿ ಮಾರುವವರು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದ್ದರೆ, ಉಳಿದ ತಿಂಗಳುಗಳ ಪಾಲನ್ನು ಹಂಚಿಕೊಳ್ಳುವ ಬಗೆಯನ್ನು ಮಾತಾಡಿ ಬರೆದುಕೊಳ್ಳಿ.

ಎಚ್ಚರಿಕೆ ಇಷ್ಟೇ: ಕ್ರಯಪತ್ರ ನೋಂದಣಿಯಾಗುವ ಮೊದಲೇ ಮನೆ ಬಿಟ್ಟುಕೊಡಬೇಡಿ, ಪಡೆಯಲೂ ಬೇಡಿ. ಸ್ವಾಧೀನ ಸಮೇತವಾದ ಮಾರಾಟದ ಕರಾರಿಗೆ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕ್ರಯಪತ್ರದಷ್ಟೇ ಸುಂಕ ಬೀಳುತ್ತದೆ. 2001ರ ತಿದ್ದುಪಡಿಯ ನಂತರ, ಅಂಥ ಕರಾರು ನೋಂದಣಿಯಾಗದಿದ್ದರೆ ಸ್ವಾಧೀನ ಪಡೆದ ಕೊಳ್ಳುವವರಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಂ ಕೊಡುವ ರಕ್ಷಣೆಯೂ ಸಿಗದು. ನಾನು ಹೇಳುತ್ತಿರುವ ಪತ್ರ ಹಕ್ಕನ್ನು ವರ್ಗಾಯಿಸುವಂಥದ್ದಲ್ಲ. ಹಕ್ಕು ಕ್ರಯಪತ್ರದಿಂದಲೇ ಬರುತ್ತದೆ. ಇದು ಆ ದಿನ ನಡೆದದ್ದನ್ನು ದಾಖಲಿಸುತ್ತದೆ, ಅಷ್ಟೇ.

ಅದರ ಬೆಲೆ ನಮಗೆ ತಿಳಿದದ್ದು ಮೈಸೂರಿನ ಮನೆ ಮಾರಿ ಬಹಳ ಕಾಲವಾದ ಮೇಲೆ. ಬಿಲ್ಲಿನಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದುದರಿಂದ ಹಳೆಯ ನೀರಿನ ಬಾಕಿಯೆಂದು ನಮಗೆ ಕರೆ ಬಂತು. ಹೊಸ ಮಾಲೀಕರಿಗೂ ಗೊಂದಲ, ನಮಗೂ ಗೊಂದಲ. ಪತ್ರ ತೆಗೆದು ನೋಡಿದರೆ ಹಸ್ತಾಂತರದ ದಿನದ ರೀಡಿಂಗ್, ಕಟ್ಟಿದ ರಶೀದಿ, ಇಬ್ಬರ ಸಹಿ ಎಲ್ಲವೂ ಇತ್ತು. ಬಾಕಿ ಯಾವ ಅವಧಿಯದೆಂದು ಅಲ್ಲಿಗೇ ತಿಳಿಯಿತು. ಯಾರೂ ಯಾರ ಮೇಲೂ ದನಿ ಎತ್ತಬೇಕಾಗಲಿಲ್ಲ.

ಸಹಿ ಕೇಳಿದರೆ ಎದುರಿನವರು ಬೇಸರಪಟ್ಟುಕೊಂಡಾರೆಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ. ಆ ಪತ್ರ ಇಬ್ಬರನ್ನೂ ಸಮನಾಗಿ ಕಾಯುತ್ತದೆಂದು ವಿವರಿಸಿ ಹೇಳಿದರೆ ಸಂಕೋಚ ಕರಗುತ್ತದೆ. ಮಾರುವವರಿಗೆ ನಾಳೆಯ ಬಿಲ್ಲಿನಿಂದ, ದೂರಿನಿಂದ ಮುಕ್ತಿ. ಕೊಳ್ಳುವವರಿಗೆ ನಿನ್ನೆಯ ಬಾಕಿಯಿಂದ ಮುಕ್ತಿ. ಹಸ್ತಾಂತರ ಮುಗಿದ ಮೇಲೆ ವಿದ್ಯುತ್, ನೀರು, ಖಾತೆಯ ಹೆಸರು ಬದಲಾವಣೆಗೆ ತಡಮಾಡದೆ ಅರ್ಜಿ ಹಾಕಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಹೊಸ ಋಣಭಾರ ಪತ್ರ ತೆಗೆಸಿ ನಿಮ್ಮ ಹೆಸರು ಬಂದಿದೆಯೇ ನೋಡಿಕೊಳ್ಳಿ. ಮನೆ ಕೊಳ್ಳುವ ಅಥವಾ ಮಾರುವ ಆಲೋಚನೆಯಲ್ಲಿರುವವರಿಗೆ ನನ್ನ ಒಂದೇ ಕೋರಿಕೆ: ಹಸ್ತಾಂತರ ಪತ್ರದ ಷರತ್ತನ್ನು ಕೊನೆಯ ದಿನಕ್ಕೆ ಬಿಡಬೇಡಿ, ಮುಂಗಡದ ಕರಾರು ಬರೆಸುವ ದಿನವೇ ಸೇರಿಸಿ.