ದ್ಯುತಿಸಂಶ್ಲೇಷಣೆಯ ದರ: ಬಿಸಿಲುಸೀಮೆಯ ತರಗತಿಗೆ ಒಂದು ಪಾಠ

ಹಸಿರೆಲೆಯು ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಳಸಿ, ಬೆಳಕಿನ ಶಕ್ತಿಯಿಂದ ಸಕ್ಕರೆಯನ್ನು ತಯಾರಿಸಿ ಆಕ್ಸಿಜನ್ನನ್ನು ಹೊರಬಿಡುತ್ತದೆ. ಇಷ್ಟನ್ನು ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಒಪ್ಪಿಸುತ್ತಾರೆ. ತೊಡಕು ಉಂಟಾಗುವುದು ದರದ ಪ್ರಶ್ನೆಯಲ್ಲಿ. ಬೆಳಕು ಹೆಚ್ಚಿದಂತೆ ದರವೂ ಹೆಚ್ಚುತ್ತದೆ ಎಂದು ಕಲಿತ ಮಗು ಆದವಾನಿ, ಕೌತಾಳ, ಹೊಳಗುಂದದ ಹೊಲಗಳಲ್ಲಿ ನಡುಹಗಲಿಗೆ ಬಾಡಿ ಜೋತುಬಿದ್ದ ಹತ್ತಿಯ ಎಲೆಯನ್ನು ಕಾಣುತ್ತದೆ. ಬೆಳಕು ಯಥೇಚ್ಛವಾಗಿದೆ, ಬೆಳೆ ಮಾತ್ರ ಏಳುತ್ತಿಲ್ಲ. ಇದಕ್ಕೆ ಉತ್ತರ ಕೊಡದೆ ಪಾಠವನ್ನು ಮುಂದುವರಿಸಬಾರದು.

ಬೇರು ಹೀರಿದ ನೀರಿನಲ್ಲಿ ಈ ಕ್ರಿಯೆಗೆ ನೇರವಾಗಿ ಸಲ್ಲುವುದು ಅತ್ಯಲ್ಪ. ಬಹುಪಾಲು ಆವಿಯಾಗಿ ಹೋಗುತ್ತದೆ. ಆದರೂ ನೀರಿನ ಅಭಾವದಿಂದ ಕ್ರಿಯೆ ಕುಂದುವುದೇಕೆ? ಮಣ್ಣಿನ ತೇವ ಆರಿದಾಗ ಎಲೆಯು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಅದೇ ದ್ವಾರದಿಂದ ಬರಬೇಕಾದ ಇಂಗಾಲದ ಡೈಆಕ್ಸೈಡ್ ಹೊರಗೇ ನಿಲ್ಲುತ್ತದೆ. (ಪತ್ರರಂಧ್ರ ಎಂಬ ಪದ ತೆಲುಗಿನಲ್ಲಿಯೂ ಇದೆ. ದ್ಯುತಿಸಂಶ್ಲೇಷಣೆಯನ್ನು ಅಲ್ಲಿ ಕಿರಣಜನ್ಯ ಸಂಯೋಗಕ್ರಿಯೆ ಎನ್ನುವುದನ್ನು ಮಕ್ಕಳಿಗೆ ತಿಳಿಸಿರಬೇಕು.)

ಹಲವು ಅಂಶಗಳಲ್ಲಿ ಅತ್ಯಂತ ಕೊರತೆಯಿರುವ ಅಂಶವೇ ದರವನ್ನು ನಿರ್ಧರಿಸುತ್ತದೆ ಎಂದು ಬ್ಲಾಕ್‌ಮನ್ 1905ರಲ್ಲಿ ಪ್ರತಿಪಾದಿಸಿದನು. ಇದೇ ಸೀಮಿತಕಾರಕ ತತ್ತ್ವ. ಮೋಡ ಮುಸುಕಿದ ದಿನ ಬೆಳಕು ಸೀಮಿತಕಾರಕ. ನಮ್ಮ ಮಸಾರಿ ಹೊಲದಲ್ಲಿ ಮಳೆ ಕೈಕೊಟ್ಟಾಗ ನೀರು. ಆಗ ಯೂರಿಯಾ ಎರಚಿದರೂ ಬೆಳೆ ಚೇತರಿಸದು. ಒಕ್ಕಲುತನದ ಮನೆಯ ಮಗುವಿಗೆ ಇದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಮಾತು.

ಶೇಂಗಾ ಮತ್ತು ಜೋಳವನ್ನು ಹೋಲಿಸುವುದೂ ಉಪಯುಕ್ತ. ಜೋಳದ ಎಲೆಯು ಇಂಗಾಲದ ಡೈಆಕ್ಸೈಡನ್ನು ಒಳಗಿನ ವಿಶೇಷ ಜೀವಕೋಶಗಳಲ್ಲಿ ಸಾಂದ್ರಗೊಳಿಸಿಕೊಳ್ಳುತ್ತದೆ. ಆದಕಾರಣ ಪತ್ರರಂಧ್ರಗಳು ಅರೆತೆರೆದಿದ್ದರೂ, ಬಿಸಿಲು ತೀವ್ರವಾಗಿದ್ದರೂ ಅದರ ಕೆಲಸ ಸಾಗುತ್ತದೆ. ಶೇಂಗಾ ಮತ್ತು ಹತ್ತಿಗೆ ಈ ಏರ್ಪಾಡು ಇಲ್ಲ.

ಪ್ರಯೋಗಕ್ಕೆ ಹೈಡ್ರಿಲ್ಲಾ ಸಾಕು. ಅದನ್ನು ಶಿಕ್ಷಕರೇ ತರಬೇಕು. ಮಕ್ಕಳನ್ನು ಕಾಲುವೆಗೆ ಕಳುಹಿಸಬಾರದು. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದರೆ ಅದರಲ್ಲಿ ಕರಗಿದ ಅನಿಲವು ಬಹುತೇಕ ಹೊರಹೋಗಿರುತ್ತದೆ. ಈ ನೀರನ್ನು ಗಾಜಿನ ಲೋಟಕ್ಕೆ ತುಂಬಿ, ಕತ್ತರಿಸಿದ ತುದಿ ಮೇಲಿರುವಂತೆ ಗಿಡದ ತುಂಡನ್ನು ಮುಳುಗಿಸಿ ಬಿಸಿಲಿನಲ್ಲಿಡಿ. ತುದಿಯಿಂದ ನಿಮಿಷಕ್ಕೆ ಎಷ್ಟು ಗುಳ್ಳೆಗಳು ಏಳುತ್ತವೆಂದು ಎಣಿಸಲಿ. ಅನಂತರ ಒಂದು ಚಿಟಿಕೆ ಅಡುಗೆ ಸೋಡಾ (ಬಟ್ಟೆ ಸೋಡಾ ಅಲ್ಲ) ಕರಗಿಸಿ, ಕೆಲವು ನಿಮಿಷ ಬಿಟ್ಟು ಪುನಃ ಎಣಿಸಲಿ. ಬೆಳಕು ಬದಲಾಗಲಿಲ್ಲ, ಗುಳ್ಳೆಗಳು ಹೆಚ್ಚಿದವು. ಕಾರಣವನ್ನು ಅವರೇ ಹೇಳುವ ತನಕ ಕಾಯಿರಿ. ಲೋಟದ ಗೋಡೆಗೆ ಅಂಟಿದ ಗುಳ್ಳೆಗಳು ನೀರು ಕಾದುದರಿಂದ ಬಂದವು. ಅವನ್ನು ಲೆಕ್ಕಕ್ಕೆ ಸೇರಿಸಬಾರದು. ಇದೇ ಲೋಟವನ್ನು ಜಗುಲಿಯ ನೆರಳಿಗೆ ಸರಿಸಿದಾಗ ಯಾವ ಅಂಶ ಸೀಮಿತಕಾರಕವಾಗುತ್ತದೆ ಎಂಬುದನ್ನು ಮುಂದಿನ ಪ್ರಶ್ನೆಯಾಗಿ ಕೇಳಬಹುದು.