ಹಟಮಾರಿ ಫೈಲನ್ನು ತೆಗೆಯುವುದು ಹೇಗೆ?



ಹೋದ ತಿಂಗಳು ನಮ್ಮ ಶಾಲೆಯ ಕಂಪ್ಯೂಟರ್ ನಾಲ್ಕು ದಿನ ಯಾಕೆ ಬಂದ್ ಇತ್ತು ಎಂದು ಬಹಳ ಮಂದಿ ಕೇಳಿದಿರಿ. ಕರೆಂಟು ಹೆಚ್ಚುಕಡಿಮೆಯಾಗಿ ಕೆಟ್ಟಿತು ಅಂತ ಕೆಲವರು ಅಂದರು. ಅದು ಸುಳ್ಳು. ಕೆಡಿಸಿದವಳು ನಾನೇ. ಅದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಆದದ್ದು ಇಷ್ಟು. ಡಿಸ್ಕಿನಲ್ಲಿ ಜಾಗ ಸಾಲದು ಎಂದು ಕಂಪ್ಯೂಟರ್ ದಿನಾ ತೋರಿಸುತ್ತಿತ್ತು. ಜಾಗ ಮಾಡೋಣ ಅಂತ ನಾನು ವಿಂಡೋಸ್ ಫೋಲ್ಡರಿನೊಳಗೆ ಹೋದೆ. ಅಲ್ಲಿ ಅರ್ಥವಾಗದ ಹೆಸರಿನ ಫೈಲುಗಳು ಸಾವಿರಾರು. ಯಾರಿಗೂ ಬೇಡವಾದವು ಎಂದುಕೊಂಡು ಅಳಿಸಲು ಹೋದರೆ "ಅನುಮತಿ ಬೇಕು" ಎಂದು ಬಂತು. ನಾನೂ ಹಟಕ್ಕೆ ಬಿದ್ದೆ. ಫೈಲುಗಳ ಒಡೆತನವನ್ನೇ ಬದಲಾಯಿಸಿ ಕೆಲವನ್ನು ಅಳಿಸಿಬಿಟ್ಟೆ. ಮರುದಿನ ಮುಂಜಾನೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಹತ್ತನೇ ತರಗತಿಯ ಅಣ್ಣ ಅಕ್ಕಂದಿರ ಆಂತರಿಕ ಅಂಕಗಳ ಪಟ್ಟಿ ಅದರೊಳಗೆ ಇತ್ತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಎರಡು ತಾಸು ಸುಮ್ಮನೆ ಕುಂತೆ. ಕಡೆಗೆ ತಡೆಯದೆ ಹೋಗಿ "ಮೇಡಂ, ನಾನೇ ಕೆಡಿಸೀನ್ರಿ" ಅಂದೆ. ಮೇಡಂ ನನ್ನನ್ನು ನೋಡಿ, "ಹೇಳಿದ್ದು ಛಲೋ ಮಾಡ್ದಿ. ಅಳಬ್ಯಾಡ. ನಾಳಿ ಕಲಬುರ್ಗಿಗಿ ಒಯ್ಯೋಣು" ಅಂದರು. ಹುಮನಾಬಾದ್ ಕಡೆಯಿಂದ ಬಂದ ಬಸ್ಸಿನಲ್ಲಿ ಕಂಪ್ಯೂಟರ್ ಡಬ್ಬಿಯನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು. ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಯ ಅಣ್ಣ ಎಲ್ಲ ಕೇಳಿ ನಕ್ಕು ಹೀಗೆಂದ: "ತಂಗೀ, ಖರಾಬ್ ಆದ ಫೈಲ್ ಬ್ಯಾರೆ, ನಿನಗ ಗುರ್ತ ಇಲ್ಲದ ಫೈಲ್ ಬ್ಯಾರೆ."

ಈ ಪಾಠದ ಮುಖ್ಯ ಮಾತು ಇದೇ.

ಫೈಲು ಯಾಕೆ ಹಟ ಮಾಡುತ್ತದೆ?

1. ಬಳಕೆಯಲ್ಲಿ ಇರುವುದು: ಹೊರಸಿನ ಮೇಲೆ ಮಂದಿ ಕುಂತಿರುವಾಗ ಕೆಳಗಿನ ಚಾದರ ಎಳೆದರೆ ಬರುವುದಿಲ್ಲ. ಹಾಗೆಯೇ ಯಾವುದೋ ಪ್ರೋಗ್ರಾಂ ಬಳಸುತ್ತಿರುವ ಫೈಲನ್ನು ವಿಂಡೋಸ್ ಅಳಿಸಗೊಡುವುದಿಲ್ಲ.

2. ಕಾವಲು ಇರುವುದು: ಕಂಪ್ಯೂಟರ್ ನಡೆಯಲು ಬೇಕಾದ ಸಿಸ್ಟಂ ಫೈಲುಗಳ ಒಡೆಯ ನಾವಲ್ಲ, 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ಖಾತೆ. ಇದನ್ನು ಹಟ ಅನ್ನಬಾರದು, ರಕ್ಷಣೆ ಅನ್ನಬೇಕು. ನಾನು ಮುರಿದದ್ದು ಇದೇ ಕಾವಲನ್ನು.

3. ಡಿಸ್ಕಿನ ದೋಷ: ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲುಗಳ ಲೆಕ್ಕ ತಪ್ಪುತ್ತದೆ.

4. ವೈರಸ್: ಅಳಿಸಿದರೂ ಮತ್ತೆ ಬರುತ್ತದೆ. ನಮ್ಮೂರ ಕೆಂಪು ಬಾಳೆಯ ಗಿಡವನ್ನು ಮೇಲೆ ಕಡಿದರೆ ಗಡ್ಡೆಯಿಂದ ಮರಿ ಏಳುವುದಿಲ್ಲವೇ, ಹಂಗ. ಹಿಂದೆ ಓಡುತ್ತಿರುವ ಮೂಲ ಪ್ರೋಗ್ರಾಂ ನಿಲ್ಲಬೇಕು.

ಹಾಗಾದರೆ ಮಾಡುವ ಕ್ರಮ ಏನು?

ಮೊದಲು ಮುಖ್ಯ ಫೈಲುಗಳ ನಕಲು ತೆಗೆಯಿರಿ. ಅಂಗಡಿಯ ಅಣ್ಣ ಕೂಡ ಪೆನ್ ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಅಂಕಗಳ ಪಟ್ಟಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡ ಮೇಲೆಯೇ ರಿಪೇರಿಗೆ ಕೈ ಹಾಕಿದ. ಪಟ್ಟಿ ಕಂಡಾಗ ನನ್ನ ಜೀವ ಬಂತು.

ಎರಡನೆಯದು, ಅಳಿಸುವ ಫೈಲು ಯಾವುದು, ಯಾವ ಪ್ರೋಗ್ರಾಮಿನದು ಎಂದು ತಿಳಿಯಿರಿ. ತಿಳಿಯದಿದ್ದರೆ ಮುಟ್ಟಬೇಡಿ. ನಿಮ್ಮದೇ ಫೈಲು ಆಗಿದ್ದರೆ ಅದನ್ನು ಬಳಸುವ ಪ್ರೋಗ್ರಾಂ ಮುಚ್ಚಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಅಳಿಸಿ. ಆಗಲೂ ಹೋಗದಿದ್ದರೆ ಸೇಫ್ ಮೋಡಿನಲ್ಲಿ ಶುರು ಮಾಡಿ. ಅಲ್ಲಿ ತೀರ ಅವಶ್ಯಕವಾದವು ಮಾತ್ರ ಓಡುತ್ತವೆ, ಆದ್ದರಿಂದ ಫೈಲು ಸಡಿಲವಾಗುತ್ತದೆ. ವೈರಸ್ ಇದ್ದರೆ ಆಂಟಿವೈರಸ್ಸಿನಿಂದ ಪೂರ್ತಿ ತಪಾಸಣೆ ಮಾಡಿಸಿ.

ಸಿಸ್ಟಂ ಫೈಲೇ ಕೆಟ್ಟಿದ್ದರೆ ಅಳಿಸಬಾರದು, ದುರಸ್ತಿ ಮಾಡಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ 'ಎಸ್‌ಎಫ್‌ಸಿ' ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ 'ಸ್ಕ್ಯಾನ್‌ನೌ' ಎಂದು ಸೇರಿಸಿ ಎಂಟರ್ ಒತ್ತಬೇಕು. ಕೆಟ್ಟ ಅಥವಾ ಕಳೆದ ಫೈಲಿನ ಜಾಗದಲ್ಲಿ ವಿಂಡೋಸ್ ತನ್ನ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ಇಡುತ್ತದೆ. ಡಿಸ್ಕಿನ ದೋಷಕ್ಕೆ 'ಚೆಕ್‌ಡಿಸ್ಕ್' ಇದೆ. ಜಾಗ ಬೇಕೆಂದರೆ 'ಡಿಸ್ಕ್ ಕ್ಲೀನಪ್' ಸಾಕು. ನನಗೆ ಬೇಕಾಗಿದ್ದದ್ದು ಅದೊಂದೇ!

ದೊಡ್ಡವರಿಗೂ ಹೀಗಾಗಿದೆ. 2001ರಲ್ಲಿ ಒಂದು ಸುಳ್ಳು ಇಮೇಲ್ ಹರಡಿತು. ವಿಂಡೋಸ್‌ನದೇ ಒಂದು ಫೈಲನ್ನು ವೈರಸ್ ಎಂದು ಅದು ಹೇಳಿತ್ತು. ನಂಬಿದ ಮಂದಿ ತಮ್ಮ ಕೈಯಾರೆ ಅದನ್ನು ಅಳಿಸಿದರು.

ಇದಕ್ಕೆ ವಿರುದ್ಧವಾದದ್ದು 2024ರ ಜುಲೈ 19ರಂದು ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ಪ್ರೋಗ್ರಾಮಿಗೆ ತಪ್ಪಾದ ಒಂದು ಫೈಲು ಬಂತು. ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ನಿಂತರು. ನಮ್ಮ ದೇಶದಲ್ಲಿ ಕೆಲವು ಕಡೆ ವಿಮಾನದ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಪರಿಹಾರ ಏನಿತ್ತು? ಸೇಫ್ ಮೋಡಿಗೆ ಹೋಗಿ, ಒಂದೇ ಫೋಲ್ಡರಿನಲ್ಲಿ, ಸಿ-00000291 ಎಂದು ಶುರುವಾಗುವ ಹೆಸರಿನ ಫೈಲನ್ನು ಮಾತ್ರ ಅಳಿಸಿ, ರೀಸ್ಟಾರ್ಟ್ ಮಾಡುವುದು. ಅವರಿಗೆ ಫೈಲಿನ ಹೆಸರು ಗೊತ್ತಿತ್ತು, ಜಾಗ ಗೊತ್ತಿತ್ತು, ಕಾರಣ ಗೊತ್ತಿತ್ತು. ನನಗೆ ಮೂರೂ ಗೊತ್ತಿರಲಿಲ್ಲ.

ಈಗ ಪ್ರತಿ ಶನಿವಾರ ಶಾಲೆಯ ಫೈಲುಗಳ ನಕಲು ತೆಗೆಯುವ ಕೆಲಸವನ್ನು ಮೇಡಂ ನನಗೇ ಕೊಟ್ಟಿದ್ದಾರೆ. ಕಲಿಯಬೇಕು ಅನ್ನುವವರು ಬರ್ರಿ, ತೋರಿಸ್ತೀನಿ. ಏನಾದರೂ ಕೆಟ್ಟರೆ ಬಚ್ಚಿಡಬ್ಯಾಡ್ರಿ. ಅಂದೇ ಹೇಳಿದರೆ ಉಳಿಯುವುದು ಬಹಳ ಇರುತ್ತದೆ.

ಉತ್ತರ ಬರೆಯಿರಿ:
1. ಫೈಲು ಅಳಿಯದಿರಲು ನಾಲ್ಕು ಕಾರಣಗಳು ಯಾವುವು?
2. ಕೆಟ್ಟ ಸಿಸ್ಟಂ ಫೈಲನ್ನು ಯಾಕೆ ಅಳಿಸಬಾರದು?

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ, ಕಮಲಾಪುರ