ರಾಜ್ಯಪಾಲರ ಇಷ್ಟ, ಜನರ ಇಷ್ಟ

ನಮ್ಮ ಸಂವಿಧಾನದ 164ನೆಯ ವಿಧಿಯಂತೆ ಮಂತ್ರಿಗಳು ಅಧಿಕಾರದಲ್ಲಿರುವುದು ರಾಜ್ಯಪಾಲರಿಗೆ ಇಷ್ಟವಿರುವವರೆಗೆ. ತರಗತಿಯಲ್ಲಿ ಇದನ್ನು ಓದಿದಾಗ ಬರಿಯ ಉಪಚಾರದ ಮಾತೆಂದು ಭಾವಿಸಿದ್ದೆನು. ಆಂಧ್ರಪ್ರದೇಶದಲ್ಲಿ 1984ರಲ್ಲಿ ನಡೆದುದನ್ನು ತಿಳಿದ ಮೇಲೆ ಆ ಭಾವನೆ ಉಳಿಯಲಿಲ್ಲ.

ಆ ರಾಜ್ಯವು 1956ರಲ್ಲಿ ಹುಟ್ಟಿದಂದಿನಿಂದ 1983ರ ಜನವರಿಯವರೆಗೆ ಮುಖ್ಯಮಂತ್ರಿಗಳೆಲ್ಲರೂ ಕಾಂಗ್ರೆಸ್ಸಿನವರೇ. ಕೊನೆಯ ಐದು ವರ್ಷಗಳಲ್ಲಂತೂ ನಾಲ್ವರು ಬದಲಾದರು. ಅವರನ್ನು ಆರಿಸುತ್ತಿದ್ದುದು ದೆಹಲಿ. ಈ ಬೇಸರದಿಂದಲೇ 1982ರಲ್ಲಿ ಹುಟ್ಟಿದ ತೆಲುಗುದೇಶಂ ಪಕ್ಷವು ಒಂದು ವರ್ಷ ತುಂಬುವ ಮೊದಲೇ ಅಧಿಕಾರಕ್ಕೆ ಬಂದಿತು.

1984ರ ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲರು (ಹಿಂದೆ ಹಿಮಾಚಲದಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯಾಗಿದ್ದವರು) ಎನ್. ಟಿ. ರಾಮರಾಯರನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರರಾಯರಿಗೆ ಪ್ರಮಾಣವಚನ ಬೋಧಿಸಿದರು. ಬಹುಮತ ಯಾರಿಗೆಂಬುದನ್ನು ಶಾಸನಸಭೆಯಲ್ಲಿ ಎಣಿಸಲಿಲ್ಲ, ರಾಜಭವನದಲ್ಲಿಯೇ ತೀರ್ಮಾನವಾಯಿತು. ರಾಮರಾಯರು ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗತಾನೇ ಹಿಂದಿರುಗಿದ್ದರು. ಜನರು ಕೆರಳಿ ಬೀದಿಗಿಳಿದರು. ರಾಮರಾಯರು ತಮ್ಮ ಶಾಸಕರನ್ನು ದೆಹಲಿಗೆ ಕರೆದೊಯ್ದು ರಾಷ್ಟ್ರಪತಿಗಳ ಮುಂದೆ ನಿಲ್ಲಿಸಿದರು. ಅವರಲ್ಲಿ ಬಹುಮಂದಿಗೆ ಕರ್ನಾಟಕದ ಹೆಗಡೆ ಸರ್ಕಾರ ಆಶ್ರಯವಿತ್ತಿತು. ಶಾಸಕರನ್ನು ಹೀಗೆ ಕಾಪಿಡುವ ಪದ್ಧತಿ ನನಗೇನೋ ಮೆಚ್ಚುಗೆಯಲ್ಲ. ಆದರೆ ಅಂದು ಬೇರೆ ದಾರಿ ಕಾಣೆ. ಆ ತಿಂಗಳು ಮುಗಿಯುವುದರೊಳಗೆ ರಾಮಲಾಲರು ಹೊರಟರು, ಶಂಕರದಯಾಳ ಶರ್ಮರು ಬಂದರು. ಸೆಪ್ಟೆಂಬರ್ 16ರಂದು ರಾಮರಾಯರು ಮತ್ತೆ ಮುಖ್ಯಮಂತ್ರಿಯಾದರು.

ನಮ್ಮಲ್ಲಿ 1989ರ ಏಪ್ರಿಲ್ 21ರಂದು ಬೊಮ್ಮಾಯಿಯವರ ಸರ್ಕಾರ ಹೋದಾಗಲೂ ಸದನದಲ್ಲಿ ಎಣಿಕೆ ನಡೆಯಲಿಲ್ಲ. ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗತಕ್ಕದ್ದೆಂದು ಸುಪ್ರೀಂ ಕೋರ್ಟು ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಸುಮಾರು ಐದು ವರ್ಷಗಳು ಕಳೆದಿದ್ದವು. ಬೊಮ್ಮಾಯಿಯವರಿಗೆ ಆ ಪದವಿ ಮರಳಿ ಬರಲಿಲ್ಲ.